ಜ್ವಾಲೆಯಿಲ್ಲದ ಉರಿಗೂ ಒಂದು ಹದ ಬೇಕು

1817ರ ಆರಂಭದಲ್ಲಿ ಹಂಫ್ರಿ ಡೇವಿ ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಪ್ರಬಂಧ ಕೊಟ್ಟ. ಗಣಿ ಕೆಲಸಗಾರರ ಸುರಕ್ಷಾ ದೀಪ ಮಾಡಿ ಹೆಸರಾದ ಡೇವಿ ಇವನೇ. ಉರಿಯುವ ಅನಿಲ ಮತ್ತು ಗಾಳಿ ಬೆರೆತ ಪಾತ್ರೆಯೊಳಗೆ ಅವನು ಬಿಸಿ ಮಾಡಿದ ಪ್ಲಾಟಿನಂ ತಂತಿ ಇಳಿಸಿದ್ದ. ಮಿಶ್ರಣದ ಪ್ರಮಾಣ ಜ್ವಾಲೆ ಹತ್ತಿಕೊಳ್ಳುವ ಮಿತಿಯ ಆಚೆ ಇತ್ತು. ಲೆಕ್ಕದ ಪ್ರಕಾರ ತಂತಿ ತಣ್ಣಗಾಗಬೇಕಿತ್ತು. ಆಗಲಿಲ್ಲ. ಕೆಂಪಗೆ ಕಾದು ಹಾಗೇ ಹೊಳೆಯುತ್ತಾ ನಿಂತಿತು. ಅನಿಲ ಉರಿಯುತ್ತಿತ್ತು, ಜ್ವಾಲೆ ಮಾತ್ರ ಎಲ್ಲೂ ಇರಲಿಲ್ಲ. ತಾನು ಖರ್ಚಾಗದೆ ಬೇರೆಯದರ ಕ್ರಿಯೆಯನ್ನು ಚುರುಕು ಮಾಡುವ ಇಂಥ ಕೆಲಸಕ್ಕೆ ಕ್ಯಾಟಲಿಸಿಸ್ ಎಂದು ಸ್ವೀಡನ್ನಿನ ರಸಾಯನವಿಜ್ಞಾನಿ ಬರ್ಜೀಲಿಯಸ್ ಹೆಸರಿಟ್ಟಿದ್ದು 1835ರಲ್ಲಿ. ಅಂದರೆ ಹೆಸರಿಗಿಂತ ಮೊದಲೇ ಡೇವಿಯ ಕಣ್ಣಿಗೆ ಅದು ಬಿದ್ದಿತ್ತು.

ಇವತ್ತು ಇದೇ ಸಂಗತಿ ಕಾರಿನ ಹೊಗೆ ಕೊಳವೆಯಲ್ಲಿದೆ, ಬಣ್ಣ ಬಳಿಯುವ ಕಾರ್ಖಾನೆಗಳ ಚಿಮಣಿಯಲ್ಲಿದೆ, ಅಮೆರಿಕದ ಕೆಲವು ಸೌದೆ ಒಲೆಗಳಲ್ಲೂ ಇದೆ. ಬಿಸಿ ಅನಿಲದಿಂದ ಬ್ಲೇಡು ತಿರುಗಿಸಿ ವಿದ್ಯುತ್ ತಯಾರಿಸುವ ಗ್ಯಾಸ್ ಟರ್ಬೈನಿನಲ್ಲೂ ಇದನ್ನು ಓಡಿಸಿ ನೋಡಿದ್ದಾರೆ. ಈ ಬರಹದ ಬಹುಪಾಲು ಆ ಟರ್ಬೈನಿನ ಬಗ್ಗೆಯೇ, ಯಾಕೆಂದರೆ ವೇಗವರ್ಧಕ (ಕ್ಯಾಟಲಿಸ್ಟ್) ಬಳಸಿ ಮಾಡುವ ದಹನದ ಎಲ್ಲ ತಾಪತ್ರಯಗಳೂ ಅಲ್ಲಿ ಒಟ್ಟಿಗೆ ಎದುರಾಗುತ್ತವೆ. 'ಕ್ಯಾಟಲಿಸ್ಟ್ ಹಾಕಿದರೆ ಮಾಲಿನ್ಯ ಕಮ್ಮಿ' ಅಂತ ಸುಮ್ನೆ ಹೇಳಿಬಿಡುವುದು ರೂಢಿ. ಅದು ಅರ್ಧ ಮಾತು. ಒಳಬರುವ ಗಾಳಿಯ ಬಿಸಿ, ಇಂಧನದ ಪ್ರಮಾಣ, ಹರಿವಿನ ವೇಗ, ಒತ್ತಡ, ಅನಿಲದ ಶುದ್ಧಿ, ಇಷ್ಟೂ ಹದದಲ್ಲಿದ್ದರೆ ಮಾತ್ರ ಅದು ನಿಜ. ಒಂದನ್ನು ಸರಿ ಮಾಡಲು ಕೈ ಹಾಕಿದರೆ ಇನ್ನೊಂದು ಕೆಡುತ್ತದೆ.

ಬೇಡದ ಬಿಸಿಯ ಕಥೆ

ಮೊದಲು, ಇಷ್ಟೆಲ್ಲ ರಗಳೆ ಯಾಕೆ? ಉತ್ತರ ನಾವು ಉಸಿರಾಡುವ ಗಾಳಿಯಲ್ಲೇ ಇದೆ. ಅದರಲ್ಲಿ ನೂರಕ್ಕೆ 78 ಪಾಲು ನೈಟ್ರೋಜನ್. ಅದು ಸಾಮಾನ್ಯವಾಗಿ ಯಾರ ತಂಟೆಗೂ ಹೋಗದ ಅನಿಲ. ಆದರೆ ತಾಪಮಾನ ಸುಮಾರು 1500 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದೂ ಆಮ್ಲಜನಕದ ಜೊತೆ ಸೇರಲು ಶುರು ಮಾಡುತ್ತದೆ. ಹುಟ್ಟುವುದು ನೈಟ್ರೋಜನ್ ಆಕ್ಸೈಡುಗಳು. ಎಂಜಿನಿಯರುಗಳ ಬಾಯಲ್ಲಿ ಇದು ನಾಕ್ಸ್. ನಗರದ ಮೇಲೆ ಕವಿಯುವ ಕಂದು ಮಬ್ಬು, ಕೆಳಮಟ್ಟದ ಓಝೋನ್, ಆಮ್ಲ ಮಳೆ ಎಲ್ಲದರಲ್ಲೂ ಇದರ ಕೈವಾಡ ಇದೆ. 1500ರಿಂದ ಮೇಲಕ್ಕೆ ಬಿಸಿ ಸ್ವಲ್ಪ ಏರಿದರೂ ನಾಕ್ಸ್ ಬಹಳ ಜಾಸ್ತಿಯಾಗುತ್ತದೆ.

ಇಲ್ಲೊಂದು ತಮಾಷೆ ಇದೆ. ಚಿಕ್ಕ ಗ್ಯಾಸ್ ಟರ್ಬೈನಿನ ಬ್ಲೇಡುಗಳಿಗೆ ಬೇಕಾದ ಅನಿಲದ ಬಿಸಿ ಸುಮಾರು 1000ದಿಂದ 1300 ಡಿಗ್ರಿ. ಅದಕ್ಕಿಂತ ಜಾಸ್ತಿಯಾದರೆ ಬ್ಲೇಡೇ ಉಳಿಯುವುದಿಲ್ಲ. ಆದರೆ ಹಳೆಯ ಮಾದರಿಯ ಬರ್ನರಿನಲ್ಲಿ ಜ್ವಾಲೆಯ ನಡುಭಾಗ 2000 ಡಿಗ್ರಿಯ ಹತ್ತಿರ ಹೋಗುತ್ತದೆ. ಆಮೇಲೆ ಅದಕ್ಕೆ ತಣ್ಣನೆಯ ಗಾಳಿ ಬೆರೆಸಿ ಇಳಿಸುತ್ತಾರೆ. ಯಾರಿಗೂ ಬೇಡದ ಬಿಸಿಯನ್ನು ಹುಟ್ಟಿಸಿ, ಅದರ ಜೊತೆ ನಾಕ್ಸನ್ನೂ ಹುಟ್ಟಿಸಿ, ಬಿಸಿಯನ್ನು ಮಾತ್ರ ವಾಪಸ್ ಇಳಿಸಿದಂತಾಯಿತು. ನಾಕ್ಸ್ ಹಾಗೇ ಉಳಿಯುತ್ತದೆ.

ಹಾಗಾದರೆ ಮೊದಲೇ ಜಾಸ್ತಿ ಗಾಳಿ, ಕಮ್ಮಿ ಇಂಧನ ಬೆರೆಸಿ 1300 ಡಿಗ್ರಿಯಲ್ಲೇ ಉರಿಸಬಹುದಲ್ವಾ? ಉರಿಸಬಹುದು, ಜ್ವಾಲೆ ನಿಂತರೆ. ಸಾಮಾನ್ಯ ತಾಪಮಾನದಲ್ಲಿ ಗಾಳಿಯಲ್ಲಿ ಮೀಥೇನ್ (ನೈಸರ್ಗಿಕ ಅನಿಲದ ಮುಖ್ಯ ಭಾಗ) ನೂರಕ್ಕೆ 5 ಪಾಲಿಗಿಂತ ಕಮ್ಮಿಯಾದರೆ ಜ್ವಾಲೆ ಹಬ್ಬುವುದೇ ಇಲ್ಲ. ಬಿಸಿ ಗಾಳಿಯಲ್ಲಿ ಈ ಮಿತಿ ಸ್ವಲ್ಪ ಕೆಳಗಿಳಿಯುತ್ತದೆ. ಆದರೂ ಅಂಚಿನಲ್ಲಿ ನಿಂತ ಜ್ವಾಲೆ ಅಲುಗಾಡುತ್ತದೆ, ಗುಡುಗುಡು ಸದ್ದು ಮಾಡುತ್ತದೆ, ಕೊನೆಗೆ ಆರಿಹೋಗುತ್ತದೆ.

ವೇಗವರ್ಧಕಕ್ಕೆ ಈ ಮಿತಿ ಇಲ್ಲ. ಮೀಥೇನಿನ ಅಣುವಿನಿಂದ ಮೊದಲ ಹೈಡ್ರೋಜನ್ನನ್ನು ಕೀಳುವುದೇ ಕಷ್ಟದ ಕೆಲಸ. ಅದೊಂದು ಆದರೆ ಉಳಿದದ್ದು ಬೇಗ ನಡೆಯುತ್ತದೆ. ಬರೀ ಗಾಳಿಯಲ್ಲಿ ತಾನಾಗಿ ಹೊತ್ತಿಕೊಳ್ಳಲು ಮೀಥೇನಿಗೆ 540 ಡಿಗ್ರಿಯ ಆಸುಪಾಸು ಬೇಕು. ಪ್ಲಾಟಿನಂ ಜಾತಿಯದೇ ಲೋಹವಾದ ಪಲ್ಲೇಡಿಯಂನ ಮೇಲ್ಮೈ ಸಿಕ್ಕಿದರೆ 300ರಿಂದ 400 ಡಿಗ್ರಿಗೇ ಕೆಲಸ ಶುರು. ಇಂಧನ ಎಷ್ಟೇ ತೆಳುವಾಗಿರಲಿ, ಮೇಲ್ಮೈಗೆ ಬಂದು ತಾಗಿದ ಅಣು ಉರಿಯುತ್ತದೆ.

ಸಾಂಟಾ ಕ್ಲಾರಾದ ಯಂತ್ರ

1970ರ ದಶಕದಲ್ಲಿ ಅಮೆರಿಕದ ಎಂಗಲ್‌ಹಾರ್ಡ್ ಕಂಪನಿಯ ವಿಲಿಯಂ ಫೆಫರ್ಲಿ ಒಂದು ಉಪಾಯ ಹೂಡಿದರು. ಎಲ್ಲ ಇಂಧನವನ್ನೂ ವೇಗವರ್ಧಕದ ಮೇಲೆಯೇ ಉರಿಸುವ ಹಟ ಬೇಡ. ಒಂದಷ್ಟನ್ನು ಅಲ್ಲಿ ಉರಿಸಿ ಅನಿಲವನ್ನು ಚೆನ್ನಾಗಿ ಬಿಸಿ ಮಾಡಿದರೆ, ಉಳಿದದ್ದು ಗಾಳಿಯಲ್ಲೇ ತಾನಾಗಿ ಉರಿದುಹೋಗುತ್ತದೆ. ಇದರ ಪೇಟೆಂಟ್ ಬಂದಿದ್ದು 1975ರಲ್ಲಿ.

ಈ ದಾರಿ ಹಿಡಿದು ದೂರ ಹೋದದ್ದು ಕ್ಯಾಲಿಫೋರ್ನಿಯಾದ ಕ್ಯಾಟಲಿಟಿಕಾ ಕಂಪನಿ. ಅದರ ಜೋನಾನ್ ದಹನಕೋಶವನ್ನು ಕವಾಸಾಕಿಯ 1.5 ಮೆಗಾವಾಟ್ ಟರ್ಬೈನಿಗೆ ಜೋಡಿಸಿ, 1998ರಿಂದ ಸಾಂಟಾ ಕ್ಲಾರಾ ಊರಿನ ವಿದ್ಯುತ್ ಜಾಲಕ್ಕೆ ಕರೆಂಟು ಕೊಡುತ್ತಾ ಓಡಿಸಿದರು. ನಾಕ್ಸ್ 3 ಪಿಪಿಎಂಗಿಂತ (ಹೊಗೆಯ ಹತ್ತು ಲಕ್ಷ ಪಾಲಿನಲ್ಲಿ 3 ಪಾಲಿಗಿಂತ) ಕೆಳಗೆ, ಕಾರ್ಬನ್ ಮಾನಾಕ್ಸೈಡ್ 10 ಪಿಪಿಎಂಗಿಂತ ಕೆಳಗೆ ಬಂತು. ಹೊಗೆಯನ್ನು ಆಮೇಲೆ ತೊಳೆಯುವ ಯಾವ ಉಪಕರಣವೂ ಇಲ್ಲದೆ ಬಂದ ಅಂಕಿ ಇದು.

ಪಿಪಿಎಂ ಬಗ್ಗೆ ಒಂದು ಮಾತು. ಹೊಗೆಗೆ ಸುಮ್ನೆ ಒಂದಿಷ್ಟು ಗಾಳಿ ಬೆರೆಸಿದರೆ ಯಾವ ಪಿಪಿಎಂ ಆದರೂ ಕೆಳಗಿಳಿಯುತ್ತದೆ. ಆ ಜಾಣತನ ನಡೆಯಬಾರದು ಎಂದೇ ಟರ್ಬೈನುಗಳ ಅಂಕಿಗಳನ್ನು ಹೊಗೆಯಲ್ಲಿ 15 ಪಾಲು ಆಮ್ಲಜನಕ ಇದ್ದರೆ ಎಷ್ಟಾಗುತ್ತಿತ್ತು ಎಂಬ ಲೆಕ್ಕಕ್ಕೆ ತಂದು ಹೇಳುತ್ತಾರೆ. ಯಾರಾದರೂ ಈ ತಿದ್ದುಪಡಿ ಇಲ್ಲದೆ ಅಂಕಿ ಕೊಟ್ಟರೆ ಸ್ವಲ್ಪ ಅನುಮಾನದಿಂದಲೇ ನೋಡಬೇಕು.

ಈ ಯಂತ್ರದೊಳಗೆ ಗಾಳಿ ಹೋಗುವ ದಾರಿಯನ್ನು ನೋಡೋಣ. ಕಂಪ್ರೆಸರ್ ಗಾಳಿಯನ್ನು ಒತ್ತಿದಾಗ ಅದು 300ರಿಂದ 350 ಡಿಗ್ರಿಗೆ ಬಿಸಿಯಾಗುತ್ತದೆ. ಇಷ್ಟು ಜೋರಾಗಿ ಹರಿಯುವ ಗಾಳಿಯಲ್ಲಿ ವೇಗವರ್ಧಕಕ್ಕೆ ಅಷ್ಟು ಸಾಲದು. ಹಾಗಾಗಿ ಒಂದು ಚಿಕ್ಕ ಪ್ರೀಬರ್ನರ್ ಸ್ವಲ್ಪ ಇಂಧನ ಉರಿಸಿ ಗಾಳಿಯನ್ನು 450–500 ಡಿಗ್ರಿಯವರೆಗೆ ಏರಿಸುತ್ತದೆ. ಆಮೇಲೆ ಮುಖ್ಯ ಇಂಧನ ಬೆರೆಯುತ್ತದೆ. ಮಿಶ್ರಣ ಪಲ್ಲೇಡಿಯಂ ಬಳಿದ ಸಾವಿರಾರು ಸಣ್ಣ ಕೊಳವೆಗಳ ಮೂಲಕ ಹಾದು ಹೋಗುತ್ತದೆ. ಹೊರಬರುವಾಗ ಅದು 900 ಡಿಗ್ರಿಯ ಹತ್ತಿರ ಇರುತ್ತದೆ. ಮುಂದಿನ ಖಾಲಿ ಜಾಗದಲ್ಲಿ, ಕೆಲವೇ ಮಿಲಿಸೆಕೆಂಡುಗಳಲ್ಲಿ, ಉಳಿದ ಇಂಧನ ತಾನಾಗಿ ಉರಿದು ಬಿಸಿ 1300ರ ಸುತ್ತ ಬಂದು ನಿಲ್ಲುತ್ತದೆ. 1500 ಎಲ್ಲೂ ದಾಟಲಿಲ್ಲ. ಹೊರಬರುವ ಚೂರುಪಾರು ನಾಕ್ಸ್ ಬಹುತೇಕ ಆ ಪ್ರೀಬರ್ನರಿನ ಪುಟ್ಟ ಜ್ವಾಲೆಯದ್ದು.

ಈ ಕೊನೇ ವಾಕ್ಯವನ್ನು ನೆನಪಿಟ್ಟುಕೊಳ್ಳಿ. ಮುಂದೆ ಕಷ್ಟ ಶುರುವಾಗುವುದೇ ಅಲ್ಲಿಂದ.

ಒಳಬರುವ ಗಾಳಿಯ ಬಿಸಿ

ಕಾವಲಿ ಕಾಯದೆ ದೋಸೆ ಹುಯ್ದರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ವೇಗವರ್ಧಕದ ವಿಷಯವೂ ಅಷ್ಟೇ. ಒಂದು ಮಟ್ಟದ ಬಿಸಿ ಬರುವವರೆಗೆ ಇಂಧನ ಮೇಲ್ಮೈ ಮೇಲೆ ಹಾದುಹೋಗುತ್ತದೆ, ಉರಿಯುವುದಿಲ್ಲ. ಆ ಮಟ್ಟ ಬಂದ ಕೂಡಲೇ ಪರಿಸ್ಥಿತಿ ಬದಲಾಗುತ್ತದೆ. ಸ್ವಲ್ಪ ಉರಿಯುತ್ತದೆ, ಅದರ ಬಿಸಿಯಿಂದ ಮೇಲ್ಮೈ ಇನ್ನಷ್ಟು ಕಾಯುತ್ತದೆ, ಇನ್ನಷ್ಟು ಉರಿಯುತ್ತದೆ. ಇದನ್ನು ಲೈಟ್-ಆಫ್ ಎನ್ನುತ್ತಾರೆ. ಇಂಧನ ಯಾವುದು ಎನ್ನುವುದರ ಮೇಲೆ ಈ ಮಟ್ಟ ಬದಲಾಗುತ್ತದೆ. ಹೈಡ್ರೋಜನ್ ಪ್ಲಾಟಿನಂ ಮೇಲೆ ಕೋಣೆಯ ಬಿಸಿಯಲ್ಲೇ ಉರಿಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಮತ್ತು ಪ್ರೊಪೇನ್ ನಡುವೆ ಎಲ್ಲೋ ಬರುತ್ತವೆ. ಎಲ್ಲಕ್ಕಿಂತ ಮೊಂಡು ಮೀಥೇನ್.

ಬಿಸಿ ಕಮ್ಮಿಯಾದರೆ ಇಂಧನ ಉರಿಯದೆ ಹೊರಗೆ ಹೋಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಜೋರಾದ ಹಸಿರುಮನೆ ಅನಿಲ. ಹಾಗಾಗಿ ಇದು ಬರೀ ಇಂಧನದ ನಷ್ಟ ಅಲ್ಲ. ಬಿಸಿ ಜಾಸ್ತಿಯಾದರೆ ವೇಗವರ್ಧಕವೇ ಸುಟ್ಟುಹೋಗುತ್ತದೆ. ಪಲ್ಲೇಡಿಯಂ ಕಣಗಳು ಒಂದಕ್ಕೊಂದು ಅಂಟಿಕೊಂಡು ದಪ್ಪವಾಗುತ್ತವೆ, ಕೆಲಸ ಮಾಡುವ ಮೇಲ್ಮೈ ಕುಗ್ಗುತ್ತದೆ. ಈ ಎರಡರ ನಡುವಿನ ಕಿಂಡಿ ಚಿಕ್ಕದು.

ಇಲ್ಲಿ ಪಲ್ಲೇಡಿಯಂನ ಒಂದು ಗುಣ ತುಂಬಾ ಚೆಂದ. ಮೀಥೇನನ್ನು ಚೆನ್ನಾಗಿ ಉರಿಸುವುದು ಪಲ್ಲೇಡಿಯಂ ಆಕ್ಸೈಡ್, ಶುದ್ಧ ಲೋಹ ಅಲ್ಲ. ಸಾಮಾನ್ಯ ಒತ್ತಡದ ಗಾಳಿಯಲ್ಲಿ ಸುಮಾರು 800 ಡಿಗ್ರಿ ಮುಟ್ಟಿದರೆ ಆಕ್ಸೈಡ್ ಒಡೆದು ಲೋಹವಾಗುತ್ತದೆ. ಲೋಹದ ಕೆಲಸ ನಿಧಾನ. ಕೆಲಸ ನಿಧಾನವಾದರೆ ಬಿಸಿ ಏರುವುದು ನಿಲ್ಲುತ್ತದೆ. ಅಂದರೆ ವೇಗವರ್ಧಕವೇ ತನಗೆ ತಾನು ಬ್ರೇಕು ಹಾಕಿಕೊಳ್ಳುತ್ತದೆ. ಆದರೆ ಈ ಬ್ರೇಕಿಗೂ ಒಂದು ಕೊಂಕಿದೆ. ಬಿಸಿ ಇಳಿಯುವಾಗ ಲೋಹ ಮತ್ತೆ ಆಕ್ಸೈಡ್ ಆಗುವುದು 800ಕ್ಕಲ್ಲ, ಇನ್ನೂ ಸಾಕಷ್ಟು ಕೆಳಗೆ ಇಳಿದ ಮೇಲೆ. ಹಾಗಾಗಿ ಒಂದೇ ತಾಪಮಾನದಲ್ಲಿ, ಏರುವಾಗ ಒಂದು ನಡವಳಿಕೆ, ಇಳಿಯುವಾಗ ಇನ್ನೊಂದು. ಟರ್ಬೈನಿನ ಹೊರೆ ಇಳಿಸಿ ಮತ್ತೆ ಏರಿಸುವ ನಿಯಂತ್ರಣ ವ್ಯವಸ್ಥೆಗೆ ಇದು ದೊಡ್ಡ ತಲೆನೋವು.

ಇಂಧನ ಎಷ್ಟು, ಎಲ್ಲೆಲ್ಲಿ ಎಷ್ಟು

ಒಂದು ಸುಲಭ ಲೆಕ್ಕ ಇಟ್ಟುಕೊಂಡರೆ ಅರ್ಧ ವಿಷಯ ಅರ್ಥವಾಗುತ್ತದೆ. ಗಾಳಿಯಲ್ಲಿ ಶೇಕಡಾ 1ರಷ್ಟು ಮೀಥೇನ್ ಪೂರ್ತಿ ಉರಿದರೆ ಮಿಶ್ರಣದ ಬಿಸಿ ಸುಮಾರು 250 ಡಿಗ್ರಿ ಏರುತ್ತದೆ. 350 ಡಿಗ್ರಿಯ ಗಾಳಿಯನ್ನು 1300ಕ್ಕೆ ಏರಿಸಲು 950 ಡಿಗ್ರಿ ಬೇಕು. ಅಂದರೆ ಶೇಕಡಾ 3.8ರ ಆಸುಪಾಸು ಮೀಥೇನ್. ಆ 5 ಪಾಲಿನ ಮಿತಿಗಿಂತ ಕೆಳಗೆ, ಅಲ್ವಾ?

ಈಗ ಇದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ. ಇಂಧನ ಸರಿಯಾಗಿ ಬೆರೆಯದೆ ಒಂದು ಮೂಲೆಯ ಕೊಳವೆಗಳಿಗೆ 3.8ರ ಬದಲು 4.3 ಹೋಯಿತು ಅನ್ನೋಣ. ಅಲ್ಲಿ ಕೊನೆಯ ಬಿಸಿ 125 ಡಿಗ್ರಿ ಜಾಸ್ತಿ. ಸರಾಸರಿ ನೋಡಿದರೆ ಎಲ್ಲ ಸರಿ ಇರುತ್ತದೆ, ಆ ಮೂಲೆಯಲ್ಲಿ ಮಾತ್ರ ವೇಗವರ್ಧಕ ಬೇಯುತ್ತಿರುತ್ತದೆ. ಎದುರಿನ ಮೂಲೆಗೆ 3.3 ಹೋಗಿದ್ದರೆ ಅಲ್ಲಿ ಇಂಧನ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ನನ್ನನ್ನು ಕೇಳಿದರೆ ಈ ಇಡೀ ವ್ಯವಸ್ಥೆಯಲ್ಲಿ ವೇಗವರ್ಧಕಕ್ಕಿಂತ ಹೆಚ್ಚು ಮರ್ಯಾದೆ ಸಲ್ಲಬೇಕಾದದ್ದು ಅದರ ಮುಂದೆ ಕೂತ, ಯಾರೂ ಮಾತಾಡದ ಮಿಕ್ಸರಿಗೆ.

ಕೊಳವೆಯ ಗೋಡೆ

ಬಿಸಿ ಕಮ್ಮಿ ಇರುವಾಗ ಕೆಲಸದ ವೇಗ ನಿರ್ಧಾರ ಮಾಡುವುದು ರಾಸಾಯನಿಕ ಕ್ರಿಯೆ. ಲೈಟ್-ಆಫ್ ಆದ ಮೇಲೆ ಮೇಲ್ಮೈ ಎಷ್ಟು ಚುರುಕಾಗುತ್ತದೆ ಎಂದರೆ, ಅಣು ಬಂದು ತಾಗುವುದೇ ತಡ, ಉರಿದುಹೋಗುತ್ತದೆ. ಆಗ ತಡವಾಗುವುದು ಕೊಳವೆಯ ನಡುವಿನ ಅಣು ಗೋಡೆಯವರೆಗೆ ಬರುವುದರಲ್ಲಿ. ಇನ್ನು ಬಿಸಿ ಏರಿಸಿದರೂ, ದುಬಾರಿ ಪಲ್ಲೇಡಿಯಂ ಇನ್ನಷ್ಟು ಬಳಿದರೂ ಲಾಭ ಅಷ್ಟಕ್ಕಷ್ಟೇ. ಕೊಳವೆಯನ್ನು ಸಣ್ಣ ಮಾಡಬೇಕು, ಇಲ್ಲವೇ ಉದ್ದ ಮಾಡಬೇಕು. ಸಾಮಾನ್ಯ ಜೇನುಗೂಡು ಮಾದರಿಯಲ್ಲಿ ಒಂದು ಕೊಳವೆಯ ಅಗಲ ಒಂದು ಮಿಲಿಮೀಟರಿನ ಆಸುಪಾಸು. ಇನ್ನೂ ಸಣ್ಣ ಮಾಡಿದರೆ ಒತ್ತಡ ನಷ್ಟ ಜಾಸ್ತಿ, ಟರ್ಬೈನಿನ ದಕ್ಷತೆ ಕಮ್ಮಿ.

ಹರಿವಿನ ವೇಗ ಜಾಸ್ತಿಯಾದರೆ ಅನಿಲಕ್ಕೆ ಒಳಗೆ ಸಿಗುವ ಸಮಯ ಕಮ್ಮಿ. ಉರಿಯುವ ಪಾಲು ಇಳಿಯುತ್ತದೆ. ತೀರಾ ಜಾಸ್ತಿಯಾದರೆ ಮುಂಭಾಗದ ಗೋಡೆ ತಣ್ಣಗಾಗಿ ಉರಿಯೇ ಆರುತ್ತದೆ. ನಿಧಾನ ಮಾಡಿದರೆ ಒಳ್ಳೆಯದೇ ಎಂದುಕೊಂಡರೆ ಅದೂ ಅಲ್ಲ. ಉರಿ ನಡೆಯುವುದು ಗೋಡೆಯ ಮೇಲೆ. ಹಾಗಾಗಿ ಅನಿಲ ಇನ್ನೂ 700 ಡಿಗ್ರಿ ಇರುವಾಗಲೇ ಗೋಡೆ ಪೂರ್ತಿ ದಹನದ ಬಿಸಿಗೆ, ಅಂದರೆ 1300ರ ಹತ್ತಿರಕ್ಕೆ, ಹೋಗಿಬಿಡಬಹುದು. ಯಾವ ಪಲ್ಲೇಡಿಯಮ್ಮೂ ಅದನ್ನು ಬಹಳ ದಿನ ತಾಳುವುದಿಲ್ಲ.

ಇದಕ್ಕೆ ಹುಡುಕಿದ ದಾರಿ ಜಾಣತನದ್ದು. ಎಲ್ಲ ಕೊಳವೆಗಳಿಗೂ ವೇಗವರ್ಧಕ ಬಳಿಯಬೇಡಿ. ಒಂದು ಬಿಟ್ಟು ಒಂದಕ್ಕೆ ಬಳಿಯಿರಿ. ಬಳಿದ ಕೊಳವೆಯಲ್ಲಿ ಇಂಧನ ಉರಿಯುತ್ತದೆ. ಪಕ್ಕದ ಬಳಿಯದ ಕೊಳವೆಯಲ್ಲಿ ಅದೇ ಮಿಶ್ರಣ ಉರಿಯದೆ ಹರಿದು ನಡುವಿನ ಗೋಡೆಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಅರ್ಧ ಇಂಧನ ಹೀಗೆ ಉರಿಯದೆ ಮುಂದೆ ಸಾಗುತ್ತದೆ, ಆದರೆ ಚೆನ್ನಾಗಿ ಕಾದು ಸಾಗುತ್ತದೆ. ಫೆಫರ್ಲಿ ಹೇಳಿದ್ದು ಇಲ್ಲಿ ಕೈಹಿಡಿಯಿತು.

ಹೊರೆ ಇಳಿದಾಗ

ಪೂರ್ತಿ ಹೊರೆಯಲ್ಲಿ ಓಡುವಾಗ ಎಲ್ಲ ಚೆನ್ನ. ರಾತ್ರಿ ಬೇಡಿಕೆ ಇಳಿಯಿತು, ಇಂಧನ ಕಮ್ಮಿ ಮಾಡಿದಿರಿ. ಒಂದೇ ವೇಗದಲ್ಲಿ ತಿರುಗುವ ಕಂಪ್ರೆಸರ್ ಮಾತ್ರ ಹೆಚ್ಚುಕಮ್ಮಿ ಅಷ್ಟೇ ಗಾಳಿ ಎಳೆಯುತ್ತಿರುತ್ತದೆ. ಮಿಶ್ರಣ ತೆಳುವಾಗುತ್ತದೆ. ವೇಗವರ್ಧಕ ತನ್ನ ಪಾಲು ಮಾಡುತ್ತದೆ, ಆದರೆ ಅದರ ಮುಂದಿನ ಖಾಲಿ ಜಾಗದಲ್ಲಿ ಬಿಸಿ ಸಾಲದು. ಅಲ್ಲಿ ಮೀಥೇನ್ ಮೊದಲು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ, ಆಮೇಲೆ ಡೈಆಕ್ಸೈಡ್. ಎರಡನೇ ಹೆಜ್ಜೆ ನಿಧಾನದ್ದು. ಸಿಗುವುದೇ 10–20 ಮಿಲಿಸೆಕೆಂಡು. 1100 ಡಿಗ್ರಿಗಿಂತ ಕೆಳಗಿಳಿದರೆ ಆ ಹೆಜ್ಜೆ ಅರ್ಧದಲ್ಲೇ ನಿಲ್ಲುತ್ತದೆ. ನಾಕ್ಸ್ ಇನ್ನೂ ಕಮ್ಮಿಯೇ, ಆದರೆ ಮಾನಾಕ್ಸೈಡ್ ಒಮ್ಮೆಲೇ ಏರುತ್ತದೆ.

ಪರಿಹಾರ ಇದೆ, ಪುಕ್ಕಟೆ ಅಲ್ಲ. ಕಂಪ್ರೆಸರಿನ ಗಾಳಿಯಲ್ಲಿ ಸ್ವಲ್ಪವನ್ನು ಹೊರಗೆ ಬಿಡಬಹುದು ಅಥವಾ ದಹನಕೋಶದ ಒಳಗೆ ಹೋಗದೆ ಪಕ್ಕದಿಂದ ಸುತ್ತಿ ಹೋಗುವಂತೆ ಮಾಡಬಹುದು. ಆಗ ಒಳಗಿನ ಮಿಶ್ರಣ ದಪ್ಪವಾಗಿಯೇ ಉಳಿಯುತ್ತದೆ. ಆದರೆ ಒತ್ತಿದ ಗಾಳಿಯನ್ನು ಹೊರಗೆ ಬಿಡುವುದೆಂದರೆ ಅದನ್ನು ಒತ್ತಲು ಖರ್ಚಾದ ಶಕ್ತಿಯನ್ನೂ ಬಿಟ್ಟಂತೆ. ಇನ್ನೊಂದು ದಾರಿ, ಪ್ರೀಬರ್ನರನ್ನು ಜೋರು ಮಾಡುವುದು. ಅಷ್ಟು ಮಾಡಿದರೆ ನಾಕ್ಸ್ ಏರುತ್ತದೆ.

ಒತ್ತಡದ ವಿಷಯ ಬೇಗ ಮುಗಿಸಬಹುದು. ಒತ್ತಡ ಜಾಸ್ತಿ ಇದ್ದರೆ ಖಾಲಿ ಜಾಗದಲ್ಲಿ ಇಂಧನ ಬೇಗ ಹೊತ್ತಿಕೊಳ್ಳುತ್ತದೆ. ಪಲ್ಲೇಡಿಯಂ ಆಕ್ಸೈಡ್ ಕೂಡ ಇನ್ನಷ್ಟು ಬಿಸಿಯವರೆಗೆ ಒಡೆಯದೆ ನಿಲ್ಲುತ್ತದೆ. ಹಾಗಾಗಿ ಪ್ರಯೋಗಶಾಲೆಯಲ್ಲಿ ಸಾಮಾನ್ಯ ಒತ್ತಡದಲ್ಲಿ ಬಂದ ಫಲಿತಾಂಶವನ್ನು ನೇರವಾಗಿ ಟರ್ಬೈನಿಗೆ ಹಚ್ಚಲು ಬರುವುದಿಲ್ಲ.

ಕೊಳಕು ಮತ್ತು ವಯಸ್ಸು

ಗ್ಯಾಸ್ ಸೋರಿದರೆ ಮೂಗಿಗೆ ಬಡಿಯುವ ಆ ಕೊಳೆತ ವಾಸನೆ ಗ್ಯಾಸಿನದ್ದಲ್ಲ. ಸೋರಿದ್ದು ಗೊತ್ತಾಗಲಿ ಎಂದು ಬೆರೆಸುವ ಗಂಧಕದ ಸಂಯುಕ್ತದ್ದು. ನಮ್ಮ ಅಡುಗೆ ಸಿಲಿಂಡರಿನಲ್ಲೂ ಅದೇ ಇದೆ. ಮನೆ ಉಳಿಸುವ ಈ ಗಂಧಕ ಪಲ್ಲೇಡಿಯಂಗೆ ವಿಷ. ಪ್ರಮಾಣ ಕೆಲವೇ ಪಿಪಿಎಂ ಇದ್ದರೂ ದಿನಗಟ್ಟಲೆ ಹರಿದರೆ ಅದು ಮೇಲ್ಮೈಗೆ ಅಂಟಿ, ಮೀಥೇನಿಗೆ ಜಾಗ ಕೊಡುವುದಿಲ್ಲ. ನೀರಿನ ಆವಿಯೂ ಅಡ್ಡಿಯೇ, ಮತ್ತು ದಹನದಿಂದಲೇ ನೀರು ಹುಟ್ಟುವುದರಿಂದ ಅದನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ. ನೀರಿನ ತಡೆ ಬಿಸಿ ಏರಿದಂತೆ ಬಿಡುತ್ತದೆ. ಗಂಧಕದ್ದು ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಈಗ ಪ್ರೀಬರ್ನರಿನ ಮಾತಿಗೆ ಬರೋಣ. ವರ್ಷ ಕಳೆದಂತೆ ವೇಗವರ್ಧಕ ಮಂಕಾಗುತ್ತದೆ, ಲೈಟ್-ಆಫ್ ಆಗಲು ಇನ್ನಷ್ಟು ಬಿಸಿ ಕೇಳುತ್ತದೆ. ಹಾಗಾಗಿ ಪ್ರೀಬರ್ನರ್ ಇನ್ನಷ್ಟು ಉರಿಯಬೇಕು. ನಾಕ್ಸ್ ಹುಟ್ಟುವುದೇ ಅಲ್ಲಿ. ವೇಗವರ್ಧಕದ ಮೇಲೆ ನಾಕ್ಸ್ ಹುಟ್ಟುವುದಿಲ್ಲ, ನಿಜ. ಆದರೆ ಅದು ಹಳತಾದಷ್ಟೂ ಹೊಗೆಯಲ್ಲಿ ನಾಕ್ಸ್ ಏರುತ್ತದೆ.

ಇದೇ ನಿಯಮಗಳು ರಸ್ತೆಯ ಮೇಲೂ ನಡೆಯುತ್ತವೆ. ಭಾರತದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆ ಕೊಳವೆಯ ವೇಗವರ್ಧಕ, ಬಂದದ್ದು 1995ರಲ್ಲಿ. ಸೀಸ ಬೆರೆಸಿದ ಪೆಟ್ರೋಲ್ ಅದನ್ನು ಕೊಲ್ಲುತ್ತದೆ. ಹಾಗಾಗಿ ಆ ಕಾರುಗಳಿಗೆ ಸೀಸವಿಲ್ಲದ ಪೆಟ್ರೋಲ್ ಬೇಕಾಯಿತು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಅದೇ ಆಯಿತು. 2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಯ ಬಿಎಸ್-6 ನಿಯಮ ಬಂದಾಗ ಇಂಧನದಲ್ಲಿನ ಗಂಧಕ 50 ಪಿಪಿಎಂನಿಂದ 10ಕ್ಕೆ ಇಳಿದದ್ದರ ಹಿಂದೆಯೂ ವೇಗವರ್ಧಕ ಉಳಿಸುವ ಲೆಕ್ಕ ಇದೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿ ಮೊದಲ ಒಂದೆರಡು ನಿಮಿಷ ಕನ್ವರ್ಟರ್ ತಣ್ಣಗಿರುತ್ತದೆ. ಆ ಹೊತ್ತಿನ ಹೊಗೆಯೇ ಅತಿ ಕೊಳಕು. ಪಕ್ಕದ ಬೀದಿಯ ಅಂಗಡಿಗೆ ಕಾರು ತೆಗೆದರೆ ಅದು ಕಾಯುವ ಮೊದಲೇ ನೀವು ವಾಪಸ್ ಬಂದಿರುತ್ತೀರಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಎಸ್. ಹೆಗ್ಡೆ ಮತ್ತು ಕೆ. ಸಿ. ಪಾಟೀಲರು ಈ ಹೊಗೆಯ ಸಮಸ್ಯೆಗೆ ಬೇರೆ ದಾರಿ ಹಿಡಿದರು. ಪ್ಲಾಟಿನಂ, ಪಲ್ಲೇಡಿಯಂಗಳನ್ನು ಕಣಗಳಾಗಿ ಮೇಲೆ ಉದುರಿಸುವ ಬದಲು ಸೀರಿಯಂ ಆಕ್ಸೈಡಿನ ಹರಳಿನೊಳಗೇ ಅಯಾನುಗಳಾಗಿ, ಅಂದರೆ ವಿದ್ಯುದಾವೇಶ ಹೊತ್ತ ಬಿಡಿ ಪರಮಾಣುಗಳಾಗಿ, ಕೂರಿಸಿದರು. ಕಣಗಳೇ ಇಲ್ಲದ ಮೇಲೆ ಒಂದಕ್ಕೊಂದು ಅಂಟಿ ದಪ್ಪವಾಗುವ ಪ್ರಶ್ನೆ ಕಮ್ಮಿ, ದುಬಾರಿ ಲೋಹವೂ ಬಹಳ ಕಮ್ಮಿ ಸಾಕು.

ಉಳಿದದ್ದೆಲ್ಲಿ

ಇಷ್ಟು ಚೆನ್ನಾಗಿದ್ದರೆ ಎಲ್ಲ ಟರ್ಬೈನಿನಲ್ಲೂ ಯಾಕಿಲ್ಲ? ಜೋನಾನ್ ತಂತ್ರಜ್ಞಾನವನ್ನು 2006ರಲ್ಲಿ ಕವಾಸಾಕಿ ಕೊಂಡುಕೊಂಡಿತು. ಅಷ್ಟರಲ್ಲಿ ವೇಗವರ್ಧಕವಿಲ್ಲದ, ಮೊದಲೇ ಬೆರೆಸಿ ತೆಳುವಾಗಿ ಉರಿಸುವ ಬರ್ನರುಗಳು ನಾಕ್ಸನ್ನು ಹತ್ತು ಪಿಪಿಎಂಗಿಂತ ಕೆಳಗೆ ತಂದಿದ್ದವು. 9 ಪಿಪಿಎಂ ಸಾಕು ಎನ್ನುವ ಕಡೆ 3 ಪಿಪಿಎಂಗಾಗಿ ಆಗಾಗ ಬದಲಿಸಬೇಕಾದ ಪಲ್ಲೇಡಿಯಂ ಕೋಶವನ್ನು ಯಾರು ಕೊಳ್ಳುತ್ತಾರೆ? ತಂತ್ರ ಸೋಲಲಿಲ್ಲ, ಲೆಕ್ಕ ಕೂಡಿಬರಲಿಲ್ಲ ಎಂದೇ ನನ್ನ ಅಂದಾಜು.

ಜ್ವಾಲೆ ನಿಲ್ಲಲು ಸಾಧ್ಯವೇ ಇಲ್ಲದ ಕಡೆ ಮಾತ್ರ ಅದಕ್ಕೆ ಈಗಲೂ ಬೆಲೆ ಇದೆ. ಕಲ್ಲಿದ್ದಲ ಗಣಿಯಿಂದ ಫ್ಯಾನು ಹಾಕಿ ಹೊರಗೆ ತಳ್ಳುವ ಗಾಳಿಯಲ್ಲಿ ಮೀಥೇನ್ ಸಾಮಾನ್ಯವಾಗಿ ಶೇಕಡಾ 1ಕ್ಕಿಂತ ಕಮ್ಮಿ. ಶೇಕಡಾ ಅರ್ಧದಷ್ಟು ಇದ್ದರೆ ಉರಿದಾಗ ಬಿಸಿ ಏರುವುದು 125 ಡಿಗ್ರಿ ಮಾತ್ರ. ವೇಗವರ್ಧಕಕ್ಕೆ 400 ಬೇಕು. ಹಾಗಾಗಿ ಹೊರಹೋಗುವ ಬಿಸಿಯನ್ನು ಹಿಡಿದು ಒಳಬರುವ ಗಾಳಿಗೆ ವಾಪಸ್ ಕೊಡುವ ಏರ್ಪಾಟು ಇಲ್ಲದಿದ್ದರೆ ಉರಿ ಆರಿಹೋಗುತ್ತದೆ. ಅಲ್ಲಿ ಬಿಸಿ ಉಳಿಸಿಕೊಳ್ಳುವುದೇ ಎಲ್ಲ.

ಹೈಡ್ರೋಜನ್ನಿನಲ್ಲಿ ತೊಂದರೆ ಇದಕ್ಕೆ ಉಲ್ಟಾ. ಪ್ರೀಬರ್ನರ್ ಬೇಡ, ಹಾಗಾಗಿ ಅದರ ನಾಕ್ಸೂ ಇಲ್ಲ. ಇಂಧನದಲ್ಲಿ ಕಾರ್ಬನ್ನೇ ಇಲ್ಲದ್ದರಿಂದ ಮಾನಾಕ್ಸೈಡಿನ ಚಿಂತೆಯೂ ಇಲ್ಲ. ಆದರೆ ಅದರ ಅಣು ಹಗುರ. ಗೋಡೆಯಿಂದ ಬಿಸಿ ಹೊರಗೆ ಹೋಗುವುದಕ್ಕಿಂತ ಬೇಗ ಇಂಧನ ಗೋಡೆಗೆ ಬಂದು ಸೇರುತ್ತದೆ. ಹೀಗಾಗಿ ಗೋಡೆಯ ಬಿಸಿ ಪೂರ್ತಿ ದಹನದ ಬಿಸಿಯನ್ನೂ ಮೀರಿ ಹೋಗುತ್ತದೆ. ಹೈಡ್ರೋಜನ್ನಿಗೆ ವೇಗವರ್ಧಕ ಕೋಶ ಮಾಡಲು ಕೂತವರು ಅದನ್ನು ಹೊತ್ತಿಸುವುದು ಹೇಗೆಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಗೋಡೆಯನ್ನು ಹೇಗೆ ತಂಪಾಗಿಡುವುದು ಎನ್ನುವುದೇ ಅವರ ಮೊದಲ ಲೆಕ್ಕ.